ಅನಿಯತ ಋತುಚಕ್ರ: ಅರಿವು ಮತ್ತು ಎಚ್ಚರ

ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಮಕ್ಕಳ ಪರೀಕ್ಷೆ – ಇವೆಲ್ಲವನ್ನೂ ಗೃಹಿಣಿಯು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ತಪ್ಪದೆ ಗುರುತಿಸುತ್ತಾಳೆ. ಆದರೆ ಹಿಂದಿನ ಮುಟ್ಟು ಯಾವ ದಿನ ಆರಂಭವಾಯಿತೆಂದು ವೈದ್ಯರು ಕೇಳಿದರೆ ತಡವರಿಸುತ್ತಾಳೆ. ಸಂಕೋಚವೇ ಇದಕ್ಕೆ ಮುಖ್ಯ ಕಾರಣ. ಇದರಿಂದಾಗುವ ಹಾನಿ ಅಲ್ಪವಲ್ಲ.

ಸ್ರಾವದ ಮೊದಲನೆಯ ದಿನದಿಂದ ಮುಂದಿನ ಸ್ರಾವದ ಹಿಂದಿನ ದಿನದವರೆಗಿನ ಅವಧಿಯೇ ಒಂದು ಋತುಚಕ್ರ. ಅದು 28 ದಿನಗಳದ್ದೇ ಆಗಿರಬೇಕೆಂಬ ನಿಯಮವಿಲ್ಲ. ವಯಸ್ಕ ಸ್ತ್ರೀಯರಲ್ಲಿ 21ರಿಂದ 35 ದಿನಗಳ ಚಕ್ರ ಸಹಜವಾದುದು. ಮೈನೆರೆದ ಮೊದಲ ಎರಡು ಮೂರು ವರ್ಷಗಳಲ್ಲಿ ಅದು 45 ದಿನಗಳವರೆಗೂ ಹೋಗಬಹುದು, ತಾಯಂದಿರು ಗಾಬರಿಪಡಬೇಕಾಗಿಲ್ಲ.

ಚಕ್ರ ತಪ್ಪುವುದೇಕೆ? ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪ್ರೇರಣೆಯಿಂದ ಅಂಡಾಶಯದಲ್ಲಿ ಅಂಡವು ಪಕ್ವವಾಗಿ ಹೊರಬೀಳುತ್ತದೆ. ಅನಂತರ ಉತ್ಪತ್ತಿಯಾಗುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಗರ್ಭಕೋಶದ ಒಳಪೊರೆಯನ್ನು ಹದದಲ್ಲಿಡುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಗಳಲ್ಲಿ ಆ ಪೊರೆ ಕಳಚಿ ಸ್ರಾವವಾಗುತ್ತದೆ. ಅಂಡವೇ ಹೊರಬೀಳದಿದ್ದರೆ ಪೊರೆಯು ಬೆಳೆಯುತ್ತಲೇ ಹೋಗಿ, ಅಕಾಲದಲ್ಲಿ, ಕೆಲವೊಮ್ಮೆ ಅತಿಯಾಗಿ, ಸ್ರಾವವಾಗುತ್ತದೆ. ಥೈರಾಯಿಡ್ ದೋಷ, ಬೊಜ್ಜು, ಅತಿಕೃಶತೆ, ಮಾನಸಿಕ ಒತ್ತಡ ಇದಕ್ಕೆ ಕಾರಣವಾಗಬಹುದು. 1935ರಲ್ಲಿ ಅಮೆರಿಕದ ವೈದ್ಯರಾದ ಸ್ಟೀನ್ ಮತ್ತು ಲೆವೆಂಥಾಲ್ ವಿವರಿಸಿದ ಪಾಲಿಸಿಸ್ಟಿಕ್ ಅಂಡಾಶಯದ ತೊಂದರೆಯೂ ಸಾಮಾನ್ಯ ಕಾರಣ. ಮುಖದಲ್ಲಿ ರೋಮ, ಮೊಡವೆ, ತೂಕದ ಹೆಚ್ಚಳ ಅದರ ಲಕ್ಷಣಗಳು. ಮುಟ್ಟು ತಡವಾದಾಗ ವಿವಾಹಿತೆಯರು ಮೊದಲು ಗರ್ಭಧಾರಣೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಮೂರು ತಿಂಗಳು ಮುಟ್ಟಾಗದಿದ್ದರೆ, ಸ್ರಾವವು ಎಂಟು ದಿನಗಳನ್ನು ಮೀರಿದರೆ, ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟಿದ್ದರೆ, ಎರಡು ಮುಟ್ಟುಗಳ ನಡುವೆ ಅಥವಾ ಸಂಭೋಗಾನಂತರ ರಕ್ತ ಕಂಡರೆ, 15 ತುಂಬಿದರೂ ಹುಡುಗಿ ಮೈನೆರೆಯದಿದ್ದರೆ ವೈದ್ಯರನ್ನು ಕಾಣತಕ್ಕದ್ದು. ಅತಿಸ್ರಾವದಿಂದ ಕಬ್ಬಿಣಾಂಶ ಕುಂದಿ ರಕ್ತಹೀನತೆ ಉಂಟಾಗುತ್ತದೆ. ಸದಾ ಆಯಾಸವೆನ್ನುವವಳನ್ನು ಸೋಮಾರಿಯೆಂದು ಹಳಿಯಬಾರದು. ಹಬ್ಬ, ಪೂಜೆ, ಪ್ರಯಾಣಗಳ ಸಲುವಾಗಿ ಮುಟ್ಟನ್ನು ಮುಂದೂಡುವ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕದ್ದಲ್ಲ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಹಿರಿಯ ಸೋದರಿಯರಿಗೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ತೊಟ್ಟು ರಕ್ತ ಕಂಡರೂ, 'ಮತ್ತೆ ಮುಟ್ಟಾಯಿತು' ಎಂದು ಸುಮ್ಮನಿರಬಾರದು. ಅನೇಕರಲ್ಲಿ ಕಾರಣ ಸಣ್ಣದೇ ಇರುತ್ತದೆ. ಆದರೆ ಕೆಲವರಲ್ಲಿ ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ. ಆರಂಭದಲ್ಲಿಯೇ ಪತ್ತೆಯಾದರೆ ಗುಣವಾಗುವ ಸಂಭವ ಬಹಳ ಹೆಚ್ಚು.

ಆದುದರಿಂದ ಸ್ರಾವದ ಮೊದಲ ಮತ್ತು ಕೊನೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟುಕೊಳ್ಳಿ, ಹೆಣ್ಣುಮಕ್ಕಳಿಗೂ ಕಲಿಸಿ. ವೈದ್ಯರ ಬಳಿಗೆ ಹೋಗುವಾಗ ಆ ಲೆಕ್ಕ ಜೊತೆಯಲ್ಲಿರಲಿ.