ಸೋಸಿದ ನೀರು: ಮಕ್ಕಳಿಗೊಂದು ಪಾಠ

ಶ್ರಾವಕರ ಮನೆಯ ಮಕ್ಕಳಿಗೆ ನೀರಿನ ಗುಣಗಳನ್ನು ತಿಳಿಸಲು ಪ್ರಯೋಗಶಾಲೆ ಬೇಕಿಲ್ಲ. ಬಿಂದಿಗೆಯ ಬಾಯಿಗೆ ಹಾಸಿದ ಬಟ್ಟೆ, ಒಲೆಯ ಮೇಲಿನ ಪಾತ್ರೆ, ನಾಲ್ಕು ಲವಂಗ, ಇಷ್ಟಿದ್ದರೆ ಸಾಕು. ಆದರೆ ಅನೇಕ ಮನೆಗಳಲ್ಲಿ ಮಕ್ಕಳು ಸೋಸುವುದನ್ನು ನಿತ್ಯವೂ ಕಾಣುತ್ತಾರೆಯೇ ಹೊರತು ಅದರ ಕಾರಣವನ್ನರಿಯರು. ಏಕೆ ಸೋಸಬೇಕೆಂದು ಕೇಳಿದರೆ, ಕಸ ಹೋಗಲೆಂದು ಎನ್ನುತ್ತಾರೆ. ಆರೋಗ್ಯದ ದೃಷ್ಟಿಯಿಂದ ಈ ಉತ್ತರ ಅರ್ಧ ಸರಿ. ವ್ರತದ ದೃಷ್ಟಿಯಿಂದ ಅಷ್ಟೂ ಸರಿಯಲ್ಲ.

ಪಂಡಿತ ಆಶಾಧರರು 13ನೆಯ ಶತಮಾನದ ತಮ್ಮ ‘ಸಾಗಾರಧರ್ಮಾಮೃತ’ದಲ್ಲಿ ಕೊಟ್ಟಿರುವ ಒಂದು ಗಣನೆಯಂತೆ ಜಲಗಾಲನವು ಅಷ್ಟಮೂಲಗುಣಗಳಲ್ಲಿ ಸೇರಿದೆ. ಜಲವೇ ಶರೀರವಾಗಿರುವ ಏಕೇಂದ್ರಿಯ ಜೀವಗಳ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರನು. ನೀರಿನಲ್ಲಿ ಚಲಿಸುವ ತ್ರಸಜೀವಗಳನ್ನಾದರೂ ಉಳಿಸಬೇಕೆಂಬುದು ಬಟ್ಟೆಯ ಉದ್ದೇಶ. ಆದುದರಿಂದ ಬಟ್ಟೆಯ ಮೇಲೆ ಉಳಿದುದು ಕಸವಲ್ಲ, ಪ್ರಾಣ. ಸೋಸಿದ ನೀರಿನಿಂದಲೇ ಬಟ್ಟೆಯನ್ನು ತೊಳೆದು, ಆ ತೊಳೆದ ನೀರನ್ನು ಮೊದಲು ಸೇದಿದ ಬಾವಿಗೇ ಮರಳಿಸಬೇಕು. ಅದೂ ಮೇಲಿನಿಂದ ಸುರಿಯದೆ, ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಮೆಲ್ಲನೆ ಬಿಡಬೇಕು. ಬಟ್ಟೆಯನ್ನು ಮೋರಿಗೆ ಕೊಡವಿದಲ್ಲಿ ಸೋಸಿದ ಪುಣ್ಯವೆಲ್ಲಿ ಉಳಿಯಿತು?

ಬಟ್ಟೆ ಏನನ್ನು ತಡೆಯುತ್ತದೆ, ಏನನ್ನು ತಡೆಯದು ಎಂಬುದನ್ನು ಮಕ್ಕಳೇ ಮಾಡಿ ನೋಡಲಿ. ಒಂದು ಲೋಟ ನೀರಿಗೆ ಮರಳನ್ನೂ ಇನ್ನೊಂದಕ್ಕೆ ಉಪ್ಪನ್ನೂ ಹಾಕಿ, ಎರಡನ್ನೂ ಸೋಸಿಸಬೇಕು. ಮರಳು ನಿಲ್ಲುತ್ತದೆ, ಉಪ್ಪಿನ ರುಚಿ ಬಟ್ಟೆಯನ್ನು ದಾಟಿ ಬರುತ್ತದೆ. ಪದಾರ್ಥಗಳನ್ನು ಕರಗಿಸಿಕೊಳ್ಳುವುದು ನೀರಿನ ಮುಖ್ಯ ಗುಣ. ಲವಂಗ ಹಾಕಿದ ನೀರು ಬಣ್ಣ, ಗಂಧ, ರಸಗಳಲ್ಲಿ ಬದಲಾಗುವುದೂ ಇದರಿಂದಲೇ. ಆ ಬದಲಾವಣೆಯಾದ ಮೇಲೆಯೇ ನೀರು ಪ್ರಾಸುಕವೆನಿಸುವುದು. ಹೆಸರಿಗೆ ಒಂದು ಲವಂಗ ಎಸೆದರೆ ಸಾಲದು. ಬರಿದೆ ಸೋಸಿದ ನೀರಿಗೆ ಎರಡು ಘಳಿಗೆ, ಅಂದರೆ 48 ನಿಮಿಷ. ಲವಂಗಾದಿಗಳಿಂದ ಪ್ರಾಸುಕವಾದುದಕ್ಕೆ ಎರಡು ಪ್ರಹರ, ಅಂದರೆ 6 ಗಂಟೆ. ಚೆನ್ನಾಗಿ ಕುದಿಸಿದುದಕ್ಕೆ ಎಂಟು ಪ್ರಹರ, ಅಂದರೆ 24 ಗಂಟೆ ಮರ್ಯಾದೆ. ನೀರು ಕುದಿಯುವುದು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಉಗುರುಬೆಚ್ಚಗಿನ ನೀರನ್ನು ಕುದಿಸಿದ ನೀರೆಂದು ಎಣಿಸಬಾರದು.

ಬಟ್ಟೆಯ ಪ್ರಯೋಜನವನ್ನು ವೈದ್ಯಶಾಸ್ತ್ರವೂ ಕಂಡುಕೊಂಡಿದೆ. ನಾರುಹುಣ್ಣಿನ ಮರಿಹುಳುಗಳನ್ನು ಒಳಗೊಂಡ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಜೀವಿಯು ದಟ್ಟವಾದ ಬಟ್ಟೆಯನ್ನು ದಾಟಲಾರದು. ಭಾರತದಲ್ಲಿ ಆ ರೋಗದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ದೇಶವು ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಈ ನಿವಾರಣೆಯಲ್ಲಿ ನೀರನ್ನು ಸೋಸಿ ಕುಡಿಯುವ ಬೋಧನೆಗೂ ಪಾಲುಂಟು. ಬಾಂಗ್ಲಾದೇಶದ ಮತ್ಲಾಬ್ ಪ್ರದೇಶದ 65 ಗ್ರಾಮಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹಳೆಯ ಸೀರೆಯನ್ನು ನಾಲ್ಕು ಪದರವಾಗಿ ಮಡಿಸಿ ಸೋಸಿದ ಮನೆಗಳಲ್ಲಿ ಕಾಲರಾ ಶೇಕಡ 48ರಷ್ಟು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲವೆಂಬುದನ್ನೂ ಗಮನಿಸಬೇಕು. ಬಿಡಿಯಾದ ರೋಗಾಣುಗಳು ಬಟ್ಟೆಯ ರಂಧ್ರಗಳಿಗಿಂತ ಎಷ್ಟೋ ಸಣ್ಣವು. ಕುಡಿಯುವ ನೀರನ್ನು ಕುದಿಸುವುದು ಇದಕ್ಕಾಗಿ.

ಕುದಿಸುವುದಕ್ಕೂ ಮಿತಿಯುಂಟು. ಕೋಲಾರ, ಪಾವಗಡಗಳ ಕಡೆಯ ಕೊಳವೆಬಾವಿಗಳಲ್ಲಿ ಕಾಣುವ ಫ್ಲೋರೈಡ್ ಕುದಿಸಿದರೆ ಹೋಗದು. ನೀರು ಆವಿಯಾಗಿ ಉಪ್ಪು ಉಳಿಯುವಂತೆ ಅದೂ ಉಳಿದು ತುಸು ಸಾಂದ್ರವಾಗುವುದು. ಅಂಥ ಊರುಗಳಲ್ಲಿ ನೀರಿನ ಪರೀಕ್ಷೆ ಮಾಡಿಸಲೇಬೇಕು.

ಇನ್ನು ನಲ್ಲಿಯ ಪ್ರಶ್ನೆ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ ವಾರಗಟ್ಟಲೆ ಬಿಡುವ ರೂಢಿ ಬೆಳೆದಿದೆ. ನೀರು ನಿಂತೊಡನೆ ಆ ಬಟ್ಟೆ ಒಣಗಿ, ಉಳಿಸಬೇಕಾದ ಜೀವಗಳು ಅಲ್ಲಿಯೇ ಸಾಯುತ್ತವೆ. ಬಟ್ಟೆಯನ್ನು ಪ್ರತಿ ಸಲವೂ ಬಿಚ್ಚಿ ತೊಳೆಯಬಹುದು. ಆದರೆ ತೊಳೆದ ನೀರನ್ನು ಮೂಲಕ್ಕೆ ಮುಟ್ಟಿಸಲು ನಲ್ಲಿಯಲ್ಲಿ ದಾರಿಯಿಲ್ಲ. ಮುನಿಗಳ, ವ್ರತಿಗಳ ಆಹಾರಕ್ಕೆ ಇಂದಿಗೂ ಬಾವಿಯ ನೀರನ್ನೇ ತರುವ ಮನೆಗಳಿರುವುದು ಈ ಕಾರಣದಿಂದ. ಅಂಥ ದಿನ ಮಕ್ಕಳನ್ನೂ ಬಾವಿಕಟ್ಟೆಗೆ ಕರೆದೊಯ್ದರೆ, ತೊಳೆದ ನೀರಿನ ಪಾತ್ರೆಯನ್ನು ಕೆಳಗಿಳಿಸುವ ಬಗೆಯನ್ನು ಅವರು ಕಣ್ಣಾರೆ ಕಾಣುವರು.