ಗುಟ್ಟು ಹೊರಗೆಡಹಿದವಳು ದ್ರೋಹಿಯೋ, ಧೀರಳೋ?

ಸರಕಾರದ ಬೇಹುಗಾರಿಕೆಯ ಗುಟ್ಟನ್ನು ಬಯಲುಮಾಡಿದವರನ್ನು ಹೇಗೆ ತೂಗಬೇಕೆಂಬುದನ್ನು ಒಂದು ನಿದರ್ಶನದಿಂದ ವಿಚಾರಿಸೋಣ.

ಕ್ಯಾಥರಿನ್ ಗನ್ ಎಂಬಾಕೆಯು ಇಂಗ್ಲೆಂಡಿನ ಬೇಹು ಇಲಾಖೆಯೊಂದರಲ್ಲಿ ಚೀನೀ ಭಾಷೆಯ ಅನುವಾದಕಿಯಾಗಿದ್ದಳು. ಇರಾಕಿನ ಮೇಲಣ ಯುದ್ಧಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಮ್ಮತಿಯನ್ನು ಅರಸುತ್ತಿದ್ದ ಕಾಲವದು. ಮತವನ್ನಿನ್ನೂ ನಿಶ್ಚಯಿಸದಿದ್ದ ಚಿಲಿ, ಪಾಕಿಸ್ತಾನ ಮೊದಲಾದ ಆರು ರಾಷ್ಟ್ರಗಳ ಪ್ರತಿನಿಧಿಗಳ ಮಾತುಗಳನ್ನು ಕದ್ದಾಲಿಸಲು ನೆರವು ಕೋರಿ, 2003ನೆಯ ಇಸವಿ ಜನವರಿ 31ರಂದು ಅಮೆರಿಕದಿಂದ ಆ ಇಲಾಖೆಗೆ ಸಂದೇಶವೊಂದು ಬಂದಿತು. ಅದು ಆಕೆಯ ಮೂಲಕ ಹೊರಬಿದ್ದು, ಮಾರ್ಚ್ 2ರಂದು ‘ಆಬ್ಸರ್ವರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲಾಖೆಯಲ್ಲಿ ವಿಚಾರಣೆಯು ನಡೆಯುತ್ತಿರಲು, ಮಾಡಿದವಳು ತಾನೆಂದು ಆಕೆಯೇ ಮೇಲಧಿಕಾರಿಗೆ ಅರಿಕೆಮಾಡಿದಳು. ಉದ್ಯೋಗವು ಹೋಯಿತು, ಯುದ್ಧವೂ ನಿಲ್ಲಲಿಲ್ಲ. ರಹಸ್ಯಪಾಲನೆಯ ಕಾಯಿದೆಯಂತೆ ಮೊಕದ್ದಮೆಯಾಯಿತು. ಆದರೆ 2004ನೆಯ ಫೆಬ್ರವರಿ 25ರಂದು ಸರಕಾರಿ ವಕೀಲರು ಸಾಕ್ಷ್ಯವನ್ನೇ ಮುಂದಿಡದೆ ಅದನ್ನು ಕೈಬಿಟ್ಟರು.

ಕೊಟ್ಟ ಮಾತನ್ನು ಕಾಯುವುದು ಧರ್ಮವೆಂಬುದು ದಿಟ. ನೌಕರರೆಲ್ಲರೂ ಮನಬಂದಂತೆ ಗುಟ್ಟನ್ನೊಡೆದರೆ ರಾಜ್ಯವು ನಿಲ್ಲದು. ಆದರೆ ದ್ರೋಹಿಯು ಗುಟ್ಟನ್ನು ಶತ್ರುವಿಗೆ ಮಾರಿ ಮರೆಯಾಗುವನು. ಈಕೆಯಾದರೋ ಅದನ್ನು ಸ್ವದೇಶದ ಜನರ ಮುಂದಿಟ್ಟು, ದಂಡನೆಗೆ ಎದುರಾಗಿ ನಿಂತಳು. ಗುಟ್ಟು ಯಾರಿಗೆ ತಲುಪಿತು, ಯಾವ ಉದ್ದೇಶದಿಂದ, ಅದರ ಬೆಲೆಯನ್ನು ತೆತ್ತವರು ಯಾರು? ಈ ಮೂರನ್ನು ಕೇಳದೆ ಯಾರನ್ನೂ ದ್ರೋಹಿಯೆನ್ನಲಾಗದು. ಈ ತಕ್ಕಡಿಯಲ್ಲಿ ತೂಗಿದರೆ ಆಕೆಯನ್ನು ಧೀರಳೆಂದೇ ನಾವು ಎಣಿಸುವೆವು.