ಕೌಬಾಯಿಯೂ ಗಳಗನಾಥರೂ ಒಂದೇ ಮನೆತನ

ಓದಿನ ಪ್ರಶ್ನೋತ್ತರ: ಈ ಸಲದ ಪತ್ರಗಳು ಸಾಂಗಲಿ, ಮಿರಜ, ಜತ್ತ ಕಡೆಯವು

ಪ್ರಶ್ನೆ: ಮಗಳು ಪುಣೆಯಿಂದ ತಂದಿಟ್ಟ ಇಂಗ್ಲಿಷ್ ಕಾದಂಬರಿಯೊಂದನ್ನು ಓದುತ್ತಿದ್ದೇನೆ. 1870ರ ಸುಮಾರಿನ ಅಮೆರಿಕದ ಪ್ರೇಮಕಥೆ. ವಿಧವೆಯೊಬ್ಬಳು ಪತ್ರಿಕೆಯ ಜಾಹೀರಾತು ನೋಡಿ, ಮುಖ ಕಾಣದ ರೈತನನ್ನು ಮದುವೆಯಾಗಲು ಸಾವಿರಾರು ಮೈಲಿ ಹೋಗುತ್ತಾಳೆ. ಹೋದ ಮೇಲೆ ಮದುವೆಯನ್ನು ಮುಂದೆ ಹಾಕಿ ತನ್ನ ಹೆಸರಿನಲ್ಲೇ ಜಮೀನು ಹಿಡಿಯುತ್ತಾಳೆ! ನಮ್ಮ ಅಜ್ಜಿಯ ಹೆಸರಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ಇದು ನಡೆಯುವ ಮಾತೇ?
– ಓದುಗಿ, ವಿಶ್ರಾಮಬಾಗ, ಸಾಂಗಲಿ

ಉತ್ತರ: ನಡೆಯುತ್ತಿತ್ತು, ಅಕ್ಕಾವರೆ. ಜಾಹೀರಾತು ನೋಡಿ ಹೋದವರೂ ಇದ್ದರು. ಆದರೆ ಕಾದಂಬರಿಗಳಲ್ಲಿ ಕಾಣುವಷ್ಟು ಮಂದಿ ಇರಲಿಕ್ಕಿಲ್ಲ. ಜಮೀನಿನ ವಿಷಯ ಮಾತ್ರ ಕಲ್ಪನೆಯಲ್ಲ. 1862ರಲ್ಲಿ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಅರ್ಜಿ ಹಾಕಿ, ಸಣ್ಣ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಮನೆ ಮಾಡಿಕೊಂಡು ಉತ್ತು ಬಿತ್ತಿ ತೋರಿಸಿದವರಿಗೆ 160 ಎಕರೆ ಸಿಗುತ್ತಿತ್ತು. ಅರ್ಜಿದಾರರು 21 ವರ್ಷ ತುಂಬಿದವರೋ, ಕುಟುಂಬದ ಹೊಣೆ ಹೊತ್ತವರೋ ಆಗಿರಬೇಕಿತ್ತು. ಗಂಡಸೇ ಆಗಿರಬೇಕೆಂದು ಕಾಯ್ದೆ ಹೇಳಿರಲಿಲ್ಲ. ಹೀಗಾಗಿ ಮದುವೆಯಾಗದವಳಿಗೂ ವಿಧವೆಗೂ ದಾರಿ ತೆರೆಯಿತು. ಗಂಡನೊಡನೆ ಬಾಳುವವಳಿಗೆ ಮಾತ್ರ ಸಾಮಾನ್ಯವಾಗಿ ಆ ಹಕ್ಕು ಇರಲಿಲ್ಲ.

ಇಷ್ಟು ತಿಳಿದುಕೊಂಡು ಮತ್ತೆ ಓದಿ ನೋಡಿ. ನಾಯಕಿ ಮದುವೆ ಮುಂದೂಡುವುದು ಬಿಂಕಕ್ಕಲ್ಲ, ಲೆಕ್ಕ ಹಾಕಿಯೇ. ತಾಳಿ ಮೊದಲೋ ಅರ್ಜಿ ಮೊದಲೋ ಎಂಬುದರ ಮೇಲೆ 160 ಎಕರೆ ನಿಂತಿದೆ. ಈ ಬಗೆಯ ಕಾದಂಬರಿಗಳಲ್ಲಿ ಒಳ್ಳೆಯವು ಪ್ರೇಮವನ್ನು ಹೀಗೆ ಕಾಯ್ದೆ ಕಾಗದಗಳ ನಡುವೆ ಸಿಕ್ಕಿಸುತ್ತವೆ. ಕೆಟ್ಟವು ಸೂರ್ಯಾಸ್ತ ತೋರಿಸಿ ಸುಮ್ಮನಾಗುತ್ತವೆ.

ಇನ್ನೊಂದು ಮಾತು. 160 ಎಕರೆ ಎಂದೊಡನೆ ಶ್ರೀಮಂತಿಕೆ ಎಂದುಕೊಳ್ಳಬೇಡಿ. ಕೃಷ್ಣೆಯ ದಂಡೆಯ ಕಬ್ಬಿನ ಹೊಲದ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಪಶ್ಚಿಮದ ಬಯಲುಗಳಲ್ಲಿ ಮಳೆ ಕಡಿಮೆ. ಎಷ್ಟೋ ಕುಟುಂಬಗಳು ಐದು ವರ್ಷ ತುಂಬುವ ಮೊದಲೇ ಹೊಲ ಬಿಟ್ಟು ಹೋದವು. ಒಣ ಪ್ರದೇಶಗಳಲ್ಲಿ ಅಷ್ಟು ಭೂಮಿ ಸಾಲದೆಂದು 1909ರಲ್ಲಿ ಅದನ್ನು 320 ಎಕರೆಗೆ ಏರಿಸಬೇಕಾಯಿತು. ಜತ್ತ, ಆಟಪಾಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಇಂಥ ಕಾದಂಬರಿಯಲ್ಲಿ ಇತಿಹಾಸ ಎಷ್ಟು, ಬುರುಡೆ ಎಷ್ಟು ಎಂದು ಕಂಡುಹಿಡಿಯುವುದು ಹೇಗೆ ಸರ್?
– ವಿದ್ಯಾರ್ಥಿ, ಮಿರಜ

ಉತ್ತರ: ಮೊದಲು ರೈಲು ನೋಡು. ಪೂರ್ವದ ಹಳಿಯನ್ನು ಪೆಸಿಫಿಕ್ ಕಡೆಯ ಹಳಿಗೆ ಜೋಡಿಸಿದ್ದು 1869ರ ಮೇ 10ರಂದು, ಯೂಟಾದಲ್ಲಿ. 1866ರಲ್ಲೇ ನಾಯಕಿ ರೈಲಿನಲ್ಲಿ ಕ್ಯಾಲಿಫೋರ್ನಿಯಾ ಮುಟ್ಟಿದರೆ ಬರೆದವರು ಹೋಂವರ್ಕ್ ಮಾಡಿಲ್ಲ. ಆಮೇಲೆ ಬೇಲಿ ನೋಡು. ಗ್ಲಿಡನ್ ಎಂಬ ರೈತ ಮುಳ್ಳುತಂತಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಟೆಕ್ಸಸ್ಸಿನಿಂದ ಸಾವಿರಾರು ದನಗಳನ್ನು ರೈಲು ನಿಲ್ದಾಣಗಳ ತನಕ ಹೊಡೆದುಕೊಂಡು ಹೋಗುವ ದೊಡ್ಡ ಕಾಲ ಅಂತರ್ಯುದ್ಧ ಮುಗಿದ ಮೇಲೆ ಶುರುವಾಯಿತು. ತಂತಿಬೇಲಿ ಹಬ್ಬಿ, 1886–87ರ ಘೋರ ಚಳಿಗಾಲದಲ್ಲಿ ಹಿಂಡುಗಳು ಸತ್ತು, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಬಹುಮಟ್ಟಿಗೆ ಮುಗಿದೇ ಹೋಯಿತು. ಡಾ. ವಾನ್ಲೆಸ್ 1894ರಲ್ಲಿ ನಿಮ್ಮೂರಿನಲ್ಲಿ ಆಸ್ಪತ್ರೆ ತೆರೆಯುವ ಹೊತ್ತಿಗೆ ಅದು ಹಳೆಯ ಕಥೆ.

ಕೊನೆಗೆ ಕಥೆಯಲ್ಲಿ ಯಾರು ಇಲ್ಲ ಎಂದು ನೋಡು. ದನ ಕಾಯುವ ಆ ವಿದ್ಯೆ ಮೆಕ್ಸಿಕೋದ ವಕೇರೊಗಳಿಂದ ಬಂದದ್ದು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಆ ಕೆಲಸದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಸರಕಾರ ಹಂಚಿದ ಜಮೀನು ಮೂಲನಿವಾಸಿಗಳದು. ಒಪ್ಪಂದ ಮಾಡಿ, ಒಪ್ಪಂದ ಮುರಿದು, ಸೈನ್ಯ ಕಳಿಸಿ ಅವರನ್ನು ಒಕ್ಕಲೆಬ್ಬಿಸಿದರು. ಇವರಾರೂ ಇಲ್ಲದ ಕಾದಂಬರಿಯಲ್ಲಿ ಟೋಪಿ, ಕುದುರೆ, ತಾರೀಖು ಎಲ್ಲ ಸರಿಯಿದ್ದರೂ ಅದನ್ನು ಇತಿಹಾಸ ಎಂದು ನಾನಂತೂ ಒಪ್ಪುವುದಿಲ್ಲ.

ಪ್ರಶ್ನೆ: ಗಳಗನಾಥರನ್ನು ಓದಿ ಬೆಳೆದವನು ನಾನು. ಮೊಮ್ಮಗಳು ಕೌಬಾಯಿ ಪ್ರೇಮಕಥೆ ಓದುತ್ತಾಳೆ. ನಮ್ಮವರ ಐತಿಹಾಸಿಕ ಕಾದಂಬರಿ ಬಿಟ್ಟು ಈ ಪರದೇಶದ ಸರಕು ಯಾಕೆ?
– ಹಿರಿಯ ಓದುಗ, ಬ್ರಾಹ್ಮಣಪುರಿ, ಮಿರಜ

ಉತ್ತರ: ರಾಯರೆ, ಅಷ್ಟೊಂದು ಪರದೇಶದ್ದಲ್ಲ ಅದು. ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್ 1814ರಲ್ಲಿ ‘ವೇವರ್ಲಿ’ ಪ್ರಕಟಿಸಿದ. ಯುದ್ಧದ ನಡುವೆ ಒಂದು ಪ್ರೇಮ, ಚರಿತ್ರೆಯ ದೊಡ್ಡವರ ಪಕ್ಕದಲ್ಲಿ ಕಲ್ಪನೆಯ ಒಬ್ಬ ತರುಣ: ಈ ಅಚ್ಚು ಮನೆಮಾತಾದದ್ದು ಅವನಿಂದ. ಅಮೆರಿಕದಲ್ಲಿ ಅದನ್ನು ಎತ್ತಿಕೊಂಡವನು ಫೆನಿಮೋರ್ ಕೂಪರ್. ಅವನನ್ನು ಅಮೆರಿಕದ ಸ್ಕಾಟ್ ಎಂದೇ ಕರೆದರು. ಅವನ ಕಾಡಿನ ವೀರರ ಹಿಂದೆಯೇ ಕುದುರೆ ಏರಿ ಬಂದವನು ಕೌಬಾಯಿ. 1902ರಲ್ಲಿ ಓವೆನ್ ವಿಸ್ಟರ್ ‘ದಿ ವರ್ಜೀನಿಯನ್’ ಬರೆದು, ವಯೋಮಿಂಗಿನ ದನಗಾಹಿಗೂ ಪೂರ್ವದಿಂದ ಬಂದ ಶಾಲಾ ಮಾಸ್ತರಿಣಿಗೂ ಗಂಟು ಹಾಕಿದ. ಮೊಮ್ಮಗಳ ಪುಸ್ತಕ ಆ ವಂಶದ್ದು.

ಇನ್ನೊಂದು ಕವಲು ಪುಣೆಗೆ ಬಂತು. ಸ್ಕಾಟನನ್ನು ಬಲ್ಲ ಹರಿ ನಾರಾಯಣ ಆಪಟೆ ಮರಾಠಿಯಲ್ಲಿ ಐತಿಹಾಸಿಕ ಕಾದಂಬರಿ ಬೆಳೆಸಿದರು. ಅವರ ‘ವಜ್ರಾಘಾತ’ ವಿಜಯನಗರದ ಪತನದ ಕಥೆ. ಅದನ್ನೇ ಗಳಗನಾಥರು ‘ಕನ್ನಡಿಗರ ಕರ್ಮಕಥೆ’ಯಾಗಿ ನಮ್ಮ ಕೈಗಿಟ್ಟರು. ನೀವು ಕಣ್ಣೀರಿಟ್ಟು ಓದಿದ್ದು ಪುಣೆಯ ದಾರಿಯಾಗಿ ಬಂದ ಹಂಪಿಯನ್ನು. ಹಾಗಾಗಿ ನಿಮ್ಮ ಪುಸ್ತಕವೂ ಮೊಮ್ಮಗಳ ಪುಸ್ತಕವೂ ದಾಯಾದಿಗಳು.

ದಾಯಾದಿಗಳಿಗೆ ರೋಗವೂ ಒಂದೇ. ಅಲ್ಲಿ ಮೂಲನಿವಾಸಿ ಖಳನಾದ ಹಾಗೆ ಇಲ್ಲಿ ಸುಲ್ತಾನರ ಕಡೆಯವರೆಲ್ಲ ಖಳರಾದರು. ವಿಜಯನಗರದ ರಾಮರಾಯನ ಸೈನ್ಯದಲ್ಲಿ ಮುಸ್ಲಿಂ ಸರದಾರರಿದ್ದರು, ಅವನೇ ಮೊದಲು ಗೋಲ್ಕೊಂಡದ ಸೇವೆಯಲ್ಲಿದ್ದವನು. ಅಂಥ ಗೋಜಲು ಕಥೆಯ ಆವೇಶದಲ್ಲಿ ಕರಗಿಹೋಗುತ್ತದೆ. ಮೀರಾಸಾಹೇಬ ದರ್ಗಾದ ಉರುಸಿಗೆ ಹೋಗಿ ರಾತ್ರಿಯೆಲ್ಲ ಹಾಡು ಕೇಳುವ ಊರಿನವರು ನೀವು, ಆ ಗೋಜಲು ನಿಮಗೆ ಹೊಸತಲ್ಲ.

ಮೊಮ್ಮಗಳಿಗೆ ಮರಾಠಿ ಬರುವುದಾದರೆ ರಣಜಿತ ದೇಸಾಯಿಯವರ ‘ಸ್ವಾಮಿ’ ಕೊಡಿ. 1962ರದು. ಮಾಧವರಾವ್ ಪೇಶ್ವೆ ಮತ್ತು ರಮಾಬಾಯಿಯ ದಾಂಪತ್ಯ. ಅವನು 27ನೇ ವಯಸ್ಸಿಗೆ, 1772ರಲ್ಲಿ, ಥೇವೂರಿನಲ್ಲಿ ಕ್ಷಯದಿಂದ ತೀರಿಕೊಂಡ. ಅವಳು ಸಹಗಮನ ಮಾಡಿದಳು. ಆ ಕೊನೆಯನ್ನು ಪ್ರೇಮದ ಶಿಖರ ಎಂದು ಓದಬೇಕೋ ಬೇಡವೋ ಎಂದು ಅಜ್ಜ ಮೊಮ್ಮಗಳು ಜಗಳವಾಡಿದರೆ ಪುಸ್ತಕ ಸಾರ್ಥಕ. ನನ್ನ ಮತ ಮೊಮ್ಮಗಳ ಕಡೆಗೇ ಬೀಳಬಹುದು, ಮೊದಲೇ ಹೇಳಿಬಿಡುತ್ತೇನೆ. ಆ ಕಾಲದ ಮಿರಜದ ಪಟವರ್ಧನರ ಪತ್ರವ್ಯವಹಾರವನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿದವರು ನಿಮ್ಮೂರಿನಲ್ಲೇ ಶಿಕ್ಷಕರಾಗಿದ್ದ ವಾಸುದೇವಶಾಸ್ತ್ರಿ ಖರೆ. ಕಾದಂಬರಿ ಓದಿ ಮುಗಿಸಿ ಆ ಪತ್ರಗಳನ್ನು ತಿರುವಿ ಹಾಕಿದರೆ, ಪ್ರೇಮಕ್ಕಿಂತ ಸಾಲ, ಸಂಬಳ, ಮೇವಿನ ಮಾತೇ ಹೆಚ್ಚು.

ಪ್ರಶ್ನೆ: ಮಗಳಿಗೆ ಹದಿನಾರು. ಆ ಪುಸ್ತಕಗಳ ಮುಖಪುಟ ನೋಡಲಿಕ್ಕೇ ಮುಜುಗರ. ಕಿತ್ತಿಡಲೇ?
– ಕನ್ನಡ ಶಾಲೆಯ ಶಿಕ್ಷಕಿ, ಜತ್ತ ತಾಲ್ಲೂಕು

ಉತ್ತರ: ಕಿತ್ತಿಟ್ಟರೆ ಹಾಸಿಗೆಯ ಕೆಳಗೆ ಸೇರುತ್ತದೆ. ಮುಖಪುಟದಿಂದ ಒಳಗಿನದು ತಿಳಿಯುವುದಿಲ್ಲ. ಇವುಗಳಲ್ಲಿ ದೊಡ್ಡವರಿಗಾಗಿಯೇ ಬರೆದವು ಉಂಟು, ಕೈ ಹಿಡಿಯುವುದಕ್ಕೂ ಇನ್ನೂರು ಪುಟ ಕಾಯಿಸುವವೂ ಉಂಟು. ಎರಡನೆಯ ಬಗೆಯದು ಬೇಕೆಂದರೆ ಕೆನಡಾದ ಜಾನೆಟ್ ಓಕ್ 1979ರಲ್ಲಿ ಬರೆದ ‘ಲವ್ ಕಮ್ಸ್ ಸಾಫ್ಟ್ಲಿ’ ಹುಡುಕಿ. ದಾರಿಯಲ್ಲೇ ಗಂಡನನ್ನು ಕಳೆದುಕೊಂಡ ಬಸುರಿ, ಚಿಕ್ಕ ಮಗಳನ್ನು ಸಾಕಲಾರದ ಒಬ್ಬ ವಿಧುರ, ಚಳಿಗಾಲ ಕಳೆಯಲಿಕ್ಕಾಗಿ ಮಾಡಿಕೊಂಡ ಮದುವೆ. ದೇವರ ಮಾತು ಕೊಂಚ ಜಾಸ್ತಿ, ಇಂಗ್ಲಿಷ್ ಸರಳ. ಮೊದಲು ನೀವು ಓದಿ, ಆಮೇಲೆ ಅವಳಿಗೆ ಕೊಡಿ.